ಇನ್ನೊಂದು ಡೆಮೊ ನೋಡೋಣ

ಸೀರೆ ಆರಿಸುವುದರಲ್ಲಿ ನಾನು ಬಹಳ ಚುರುಕು ಎಂದು ನಮ್ಮ ಬಳಗದಲ್ಲಿ ಹೆಸರಿದೆ. ಅಂಗಡಿಗೆ ಹೋಗಿ, ಗಾದಿಯ ಮೇಲೆ ಕೂತು, ಅವರು ಕೊಟ್ಟ ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನನ್ನ ಸೀರೆ ಚೀಲದೊಳಗೆ ಬಿದ್ದಿರುತ್ತದೆ. ಮದುವೆಯ ವಿಷಯದಲ್ಲೂ ಹಾಗೆಯೇ ಆಯಿತು. ನಮ್ಮವರು ನನ್ನನ್ನು ನೋಡಲು ಬಂದಾಗ ಸುಸಲಾದ ತಟ್ಟೆ ಕೈಗೆ ಕೊಟ್ಟು ಒಳಗೆ ಹೋದವಳೇ 'ಆಗಲಿ' ಎಂದುಬಿಟ್ಟೆ. ಅವರ ಮೂಗನ್ನು ಸರಿಯಾಗಿ ನೋಡಿದ್ದು ಮದುವೆಯ ಫೋಟೋ ತೊಳೆದು ಬಂದ ಮೇಲೆ. ಇಂಥ ನಾನು ಮಣ್ಣು ಅಗೆಯುವ ಒಂದು ಯಂತ್ರ ಆರಿಸಲು ಹೋಗಿ ಒಂದು ಇಡೀ ಹಂಗಾಮು ಹಣ್ಣಾಗಿ ಹೋದೆ. ಇದನ್ನು ಯಾರ ಮುಂದಾದರೂ ಹೇಳಿಕೊಂಡು ಹಗುರಾಗಬೇಕು. ಮನೆಯವರ ಮುಂದೆ ಹೇಳುವ ಹಾಗಿಲ್ಲ, ಕೇಳಿ ಕೇಳಿ ಅವರೂ ಹಣ್ಣಾಗಿದ್ದಾರೆ. ಅದಕ್ಕೆ ನಿಮ್ಮ ಹತ್ತಿರ ಬಂದಿದ್ದೇನೆ.

ಹೆಂಗಸಿಗೂ ಅಗೆಯುವ ಯಂತ್ರಕ್ಕೂ ಏನು ನಂಟು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದು ನನ್ನ ತವರಿನಿಂದ ಬಂದ ಬಳುವಳಿ. ನಮ್ಮಪ್ಪ ಒಂದು ಕಾಲದಲ್ಲಿ ಬಾವಿಗೆ ಪಂಪು ತರಲೆಂದು ಹೈದರಾಬಾದಿಗೆ ಹೋದವನು ಪಂಪು ಬಿಟ್ಟು ಯಂತ್ರ ಕೊಂಡು ಬಂದ. ಅದನ್ನೇ ಯಾಕೆ ತಂದೆ ಎಂದು ಕೇಳಿದರೆ, ಆ ಅಂಗಡಿಯವರು ಕೊಟ್ಟ ಚಹಾ ಬಹಳ ಚಲೋ ಇತ್ತು ಎನ್ನುತ್ತಿದ್ದ. ಅಷ್ಟೇ ಅವನ ಪರೀಕ್ಷೆ. ಆ ಯಂತ್ರ ಅವನು ಹೋದ ಮೇಲೂ ಓಡಿತು. ತಮ್ಮ ಗುಂಡಪ್ಪ ಕಮಲಾಪುರದಲ್ಲಿ ಕೆಂಬಾಳೆ ತೋಟ ನೋಡಿಕೊಂಡು, ಸುತ್ತಲಿನ ರೈತರಿಂದ ಅಗೆಯುವ ಕೆಲಸ ಹಿಡಿದು ಕೊಡುತ್ತಾನೆ. ನಾನು ಕಲಬುರಗಿಯಲ್ಲಿ ಕೋಟೆಯ ಹಿಂದಿನ ಓಣಿಯ ನಮ್ಮ ಮನೆಯಲ್ಲಿ ಕೂತು ವ್ಯವಹಾರ ನೋಡುತ್ತೇನೆ. ಯಂತ್ರಕ್ಕೆ ನಂದೂರಿನಲ್ಲಿ ಒಂದು ತಗಡಿನ ಶೆಡ್ಡಿದೆ. ಆ ಕಡೆ ಈ ಕಡೆ ಬೇಳೆ ಮಿಲ್ಲುಗಳು. ತೊಗರಿ ಹೊಟ್ಟಿನ ಧೂಳು ಕೂತು ಕೂತು ನಮ್ಮ ಯಂತ್ರ ಬಿಸಿಯಾದಾಗಲೆಲ್ಲ ಒಗ್ಗರಣೆಗೆ ಸ್ವಲ್ಪ ಮೊದಲಿನ ಬೇಳೆಯ ವಾಸನೆ ಬರುತ್ತದೆ.

ಯಂತ್ರಕ್ಕೆ ಮುಪ್ಪು ಬಂತು. ಬಂದದ್ದು ಯಂತ್ರಕ್ಕಷ್ಟೇ ಆಗಿದ್ದರೆ ನಾನು ಇನ್ನೂ ಕೆಲವು ವರ್ಷ ತೇಪೆ ಹಚ್ಚಿ ದೂಡುತ್ತಿದ್ದೆನೇನೋ. ಆದರೆ ಅದರ ಜೊತೆಗೆ ನಮ್ಮ ಆಪರೇಟರ್ ಮಹಬೂಬನ ಸೊಂಟಕ್ಕೂ ಬಂತು. ಮಹಬೂಬ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ನಮ್ಮ ಕಡೆಯ ಜನ ಯಂತ್ರ ಬಾಡಿಗೆಗೆ ಕೇಳುವಾಗ ಅದು ಎಂಥದ್ದು, ಎಷ್ಟು ಟನ್ನಿನದು ಎಂದು ಕೇಳುವುದಿಲ್ಲ. 'ಮಹಬೂಬ ಬರ್ತಾನಿಲ್ರಿ?' ಎಂದು ಕೇಳುತ್ತಾರೆ. ಬಾಳೆಯ ಸಾಲಿನ ನಡುವೆ ಕಾಲುವೆ ತೋಡಿದರೆ ಒಂದು ಮರಿಗಿಡದ ಎಲೆಯೂ ಹರಿಯುವುದಿಲ್ಲ. ಅಷ್ಟು ನಾಜೂಕಿನ ಮನುಷ್ಯ. ಹಳೆಯ ಯಂತ್ರದ ಸೀಟಿನಲ್ಲಿ ಕುಲುಕಿ ಕುಲುಕಿ ಈಗ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದೂ ಕಷ್ಟವಾಗಿದೆ. ಚಳಿ ಇಳಿಯುವ ಹೊತ್ತಿಗೆ ಒಂದು ದಿನ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತ ಹೇಳಿದ.

"ಅಕ್ಕಾರ, ಡಾಕ್ಟರ್ ಆ ಮಷಿನ್ ಬಿಡು ಅಂದಾರ್ರಿ. ಶಹಾಬಾದ ಕಡೆ ಒಬ್ಬರು ಕರೀಲಾಕತ್ತಾರ, ಅವರ ಹಂತ್ಯಾಕ ಹೊಸಾದು ಅದ. ನನಗ ಹೋಗೋ ಮನಸಿಲ್ಲ. ಮಳಿಗಾಲದೊಳಗ ನಮ್ಮಲ್ಲೇ ಹೊಸಾದು ಬಂತಂದ್ರ ನಾ ಎಲ್ಲಿ ಹೋಗ್ತೀನ್ರಿ?"

"ಮಳಿಗಾಲ ಯಾಕ, ಮುಂದಿನ ವಾರ ತರ್ತೀನಿ ತಗೋ," ಎಂದೆ. ಹಾಗೆಂದಾಗ ನನಗೆ ಸೀರೆಯ ಅಂಗಡಿಯೇ ಕಣ್ಣ ಮುಂದಿತ್ತು.

ಸಣ್ಣ ಯಂತ್ರ ಬೇಕಾದವರಿಗೆ ಹೆಚ್ಚು ಆಯ್ಕೆಯಿಲ್ಲ. ಗಣಿಗೆ ಬೇಕಾಗುವ ದೊಡ್ಡ ಯಂತ್ರ ಕೊಳ್ಳುವವರಿಗೆ ನನ್ನಂಥವರ ಸಲಹೆ ಬೇಕಿಲ್ಲ. ತಾಪತ್ರಯವೆಲ್ಲ ಮಧ್ಯಮ ಗಾತ್ರದವರಿಗೆ. ಕೃಷಿಹೊಂಡ ತೋಡಲೂ ಆಗಬೇಕು, ಬಂಡೆ ಎಬ್ಬಿಸಲೂ ಆಗಬೇಕು, ತೋಟದ ಗೇಟಿನೊಳಗೆ ನುಗ್ಗಲೂ ಬೇಕು. ಇಂಥವರು ದೇಶದಲ್ಲಿ ಬಹಳ ಇದ್ದಾರೆಂದು ಕಾಣುತ್ತದೆ, ಕಂಪನಿಗಳೆಲ್ಲ ಅಲ್ಲಿಯೇ ಬಂದು ಮುಗಿಬಿದ್ದಿವೆ. ಕೊನೆಗೆ ನನ್ನ ಮುಂದೆ ಉಳಿದವು ಮೂರು. ಅವುಗಳ ಹೆಸರು ಹೇಳಿದರೆ ಯಾರಾದರೂ ಸಿಟ್ಟಾಗಬಹುದು, ಬಣ್ಣದಿಂದಲೇ ಕರೆಯುತ್ತೇನೆ. ಒಂದು ಹಳದಿ, ಒಂದು ಕಿತ್ತಳೆ, ಒಂದು ಹಸಿರು. ಇನ್ನೊಂದು ಮಾತು ಹೇಳಬೇಕು. ನಮ್ಮ ಕಡೆ ಯಾವ ಕಂಪನಿಯ ಯಂತ್ರವಾದರೂ ಜನ ಅದನ್ನು ಒಂದೇ ಒಂದು ಕಂಪನಿಯ ಹೆಸರಿನಿಂದ ಕರೆಯುತ್ತಾರೆ. ಆ ಕಂಪನಿ ನನ್ನ ಈ ಮೂರರಲ್ಲಿ ಇರಲೇ ಇಲ್ಲ. ನಾನು ಯಾವ ಬಣ್ಣದ್ದು ತಂದರೂ ಅದಕ್ಕೆ ತಂದಿಲ್ಲದ ನಾಲ್ಕನೆಯದರ ಹೆಸರೇ ಗಟ್ಟಿ ಎಂದು ಗೊತ್ತಿತ್ತು. ಗೊತ್ತಿದ್ದೂ ನಿದ್ದೆ ಕೆಡಿಸಿಕೊಂಡೆ.

ಮೂರೂ ಕಂಪನಿಯ ಮಾರಾಟದ ಹುಡುಗರು ಮನೆಗೆ ಬರತೊಡಗಿದರು. ಹಳದಿಯವನು ಕಲಬುರಗಿಯ ಬಿಸಿಲಿನಲ್ಲೂ ಟೈ ಕಟ್ಟುತ್ತಿದ್ದ. ನೋಡಿದರೆ ನಮಗೇ ಉಸಿರು ಕಟ್ಟುತ್ತಿತ್ತು. ಕಿತ್ತಳೆಯವನು ಕನ್ನಡ, ಉರ್ದು ಕಲಸಿ ಜೇನಿನಂತೆ ಮಾತಾಡುತ್ತಿದ್ದ. ಹಸಿರಿನವನು ಮಾತೇ ಆಡುತ್ತಿರಲಿಲ್ಲ, ಮೊಬೈಲಿನಲ್ಲಿ ವಿಡಿಯೊ ಹಚ್ಚಿ ನನ್ನ ಮುಂದೆ ಹಿಡಿಯುತ್ತಿದ್ದ. ನನ್ನ ಮುಂದೆ ಎಂದದ್ದು ತಪ್ಪಾಯಿತು. ಮೂವರೂ ಎಲ್ಲವನ್ನೂ ಹಿಡಿಯುತ್ತಿದ್ದದ್ದು ನಮ್ಮವರ ಮುಂದೆ. ನಮ್ಮವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಭೂಮಿಯ ಹೊಟ್ಟೆಯಲ್ಲಿ ಏನಿದೆ ಎಂದು ಪಟ ತೂಗುಹಾಕಿ ತೋರಿಸಿದ್ದಾರೆಯೇ ಹೊರತು ಒಂದು ಗುಂಡಿಯನ್ನೂ ತೋಡಿದವರಲ್ಲ. ಹಳದಿಯವನು ಅವರ ಕಡೆ ಬಾಗಿ, "ಸರ್, ನಮ್ಮದು ತಾಸಿಗೆ ಎಲ್ಲಾರಗಿಂತ ಕಡಿಮಿ ಡೀಸೆಲ್ ಕುಡೀತದ," ಎನ್ನುತ್ತಿದ್ದ. ಇವರು ಗಂಭೀರವಾಗಿ ತಲೆಯಾಡಿಸಿ, "ಚಹಾಕ್ಕ ಸಕ್ಕರಿ ಎಷ್ಟು ಹಾಕಲಿ?" ಎಂದು ಕೇಳುತ್ತಿದ್ದರು. ಮನೆಗೆ ಬಂದವರಿಗೆ ತಮ್ಮ ಕೈಯಿಂದಲೇ ಚಹಾ ಮಾಡಿಕೊಡುವುದು ನಿವೃತ್ತಿಯ ಮೇಲೆ ಅವರು ಹಿಡಿದ ವ್ರತ. ಆ ತಿಂಗಳುಗಳಲ್ಲಿ ನಮ್ಮ ಮನೆಗೆ ಬಂದಷ್ಟು ಸಕ್ಕರೆ ಮದುವೆಯ ವರ್ಷವೂ ಬಂದಿರಲಿಲ್ಲ.

ತಾಸಿಗೆ ಕಡಿಮೆ ಡೀಸೆಲ್ ಕುಡಿಯುವುದು ಮೂರೂ ಕಂಪನಿಯದು. ಎಲ್ಲರಿಗಿಂತ ಹೆಚ್ಚು ಜೋರು ಇರುವುದೂ ಮೂರರದ್ದೇ. ಒಬ್ಬನು ಬಕೆಟ್ಟಿನ ಹಲ್ಲಿನ ಬಗ್ಗೆ ಹೇಳಿಹೋದರೆ ಇನ್ನೊಬ್ಬ ಬಂದು, ಹಲ್ಲು ಬಿಡಿ ಅಕ್ಕಾರ, ಪಂಪು ನೋಡ್ರಿ ಎನ್ನುತ್ತಿದ್ದ. ಪಂಪು ಅರ್ಥವಾಗುವ ಹೊತ್ತಿಗೆ ಮೂರನೆಯವನ ವಿಡಿಯೊದಲ್ಲಿ ಯಂತ್ರ ಒಂಟಿಗಾಲಲ್ಲಿ ನಿಂತು ಸುತ್ತುತ್ತಿತ್ತು. ಇದರ ಮೇಲೆ ಊರಿನ ಸಲಹೆ ಬೇರೆ. ನನ್ನ ಕುಪ್ಪಸ ಹೊಲಿಯುವ ಟೇಲರ್ ಹಸಿರು ಬಣ್ಣ ಬಿಸಿಲಿಗೆ ಮಾಸುತ್ತದೆ ಎಂದ. ಎದುರು ಮನೆಯಾಕೆ ಹಳದಿ ಮಂಗಳದ ಬಣ್ಣ ಎಂದಳು. ನಂದೂರಿನ ಬೇಳೆ ಮಿಲ್ಲಿನ ಮಾಲೀಕರಂತೂ ನನ್ನನ್ನು ಕೂರಿಸಿಕೊಂಡು, ಮೂರನ್ನೂ ಬಿಟ್ಟು ಬೇಳೆ ಪಾಲಿಶ್ ಮಾಡುವ ಯಂತ್ರ ತಗೊಳ್ಳಿ ಎಂದು ಉಪದೇಶ ಮಾಡಿದರು. ಕೇಳಿದವರಿಗೆಲ್ಲ ಒಂದೊಂದು ಅಭಿಪ್ರಾಯವಿತ್ತು, ನನಗೊಬ್ಬಳಿಗೆ ಇರಲಿಲ್ಲ. ಆಗ ಹಳದಿಯವನು ಬೆವರು ಒರೆಸಿಕೊಂಡು ಆ ಮಾತು ತೆಗೆದ.

"ಮೇಡಂ, ಬಾಯಿಲೆ ಹೇಳೋದು ಬ್ಯಾಡ. ಒಂದು ಡೆಮೊ ಕೊಡ್ತೀವಿ. ನಿಮ್ಮ ಹೊಲದಾಗೇ ಮಷಿನ್ ತಂದು ಕಡದು ತೋರಿಸ್ತೀವಿ. ಡೀಸೆಲ್ ಒಂದು ನೀವು ಹಾಕಿಕೊಂಡ್ರ ಆತು."

ಡೆಮೊ ಎಂದರೆ ಯಂತ್ರವನ್ನು ಪುಕ್ಕಟೆ ಓಡಿಸಿ ತೋರಿಸುವುದು. ಈ ಮಾತು ಕೇಳಿ ನನ್ನ ಎದೆಯ ಭಾರ ಇಳಿದಂತಾಯಿತು. ನೋಡಿದರೆ ಗೊತ್ತಾಗುತ್ತದಲ್ಲ ಎಂದುಕೊಂಡೆ. ಗುಂಡಪ್ಪನಿಗೆ ಫೋನು ಮಾಡಿದೆ. ಅವನು, ತೋಟದ ಮೂಲೆಯಲ್ಲಿ ಒಂದು ಬಂಡೆ ಇದೆ, ಅದನ್ನು ಎಬ್ಬಿಸಲಿ ಎಂದ. ಹಳದಿ ಯಂತ್ರ ಲಾರಿಯ ಮೇಲೆ ಕೂತು ಕಮಲಾಪುರಕ್ಕೆ ಹೋಯಿತು. ನಡೆಸುವವನು ನಮ್ಮ ಮಹಬೂಬನೇ ಆಗಬೇಕು, ಕೊನೆಗೆ ಕೂರುವವನು ಅವನಲ್ಲವೇ ಎಂದು ನಾನು ಹಟ ಹಿಡಿದೆ. ಬಂಡೆ ಎದ್ದಿತು. ನಾನು ಕೊಡೆ ಹಿಡಿದು ನಿಂತು ನೋಡಿದೆ. ಬಂಡೆ ಎದ್ದದ್ದು ಕಂಡಿತು, ಮತ್ತೇನೂ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಹೊಲದ ಸಿದ್ದಣ್ಣ ಬೇಲಿ ದಾಟಿ ಬಂದ. ಅವನು ಬೇಸಿಗೆಯಲ್ಲಿ ಒಂದು ಕೃಷಿಹೊಂಡ ತೋಡಿಸಬೇಕೆಂದು ನಮ್ಮ ಯಂತ್ರಕ್ಕೆ ಹೇಳಿಟ್ಟಿದ್ದವನು.

"ಅಕ್ಕಾರ, ಕೆಂಪು ಮಣ್ಣಾಗ ನೋಡಿದ್ರ ಏನು ತಿಳೀತದ? ನಮ್ಮ ಹೊಲದ ಕೆಳಗಿನ ಪಟ್ಟಿ ಕರಿ ಮಣ್ಣದ. ಅಲ್ಲಿ ಒಂದು ಸ್ವಲ್ಪ ನೋಡ್ರಲ್ಲ. ಡೀಸೆಲ್ ನಾ ಹಾಕ್ತೀನಿ."

ಮಾತು ಸರಿ ಅನ್ನಿಸಿತು. ಇಷ್ಟು ದೊಡ್ಡ ವಸ್ತುವನ್ನು ಒಂದೇ ಮಣ್ಣಿನಲ್ಲಿ ಪರೀಕ್ಷೆ ಮಾಡಿ ತಂದರೆ ನಾಳೆ ಜನ ನಗುವುದಿಲ್ಲವೇ. ಕರಿಮಣ್ಣಿನಲ್ಲಿ ನೋಡಿದೆವು. ನೋಡಿ ಮುಗಿಯುವಾಗ ಅಲ್ಲಿ ಸಿದ್ದಣ್ಣನ ಹೊಂಡದ ಅರ್ಧ ತಯಾರಾಗಿತ್ತು.

ಇಲ್ಲಿ ನನ್ನ ಸ್ವಭಾವದ ಒಂದು ದೋಷ ಹೇಳಬೇಕು. ಅಪ್ಪ ನನಗೂ ಗುಂಡಪ್ಪನಿಗೂ ಹುರಿದ ಶೇಂಗಾ ಹಂಚುವಾಗ ಒಂದೊಂದೇ ಕಾಳು ಎಣಿಸಿ ಹಂಚುತ್ತಿದ್ದ. ಒಂದು ಹೆಚ್ಚಾದರೆ ತಾನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಆ ನ್ಯಾಯ ನನ್ನ ರಕ್ತದಲ್ಲಿದೆ. ಹಳದಿಗೆ ಕೆಂಪು ಮಣ್ಣು, ಕರಿ ಮಣ್ಣು, ಬಂಡೆ ಮೂರೂ ಸಿಕ್ಕಿದ ಮೇಲೆ ಕಿತ್ತಳೆಗೆ ಬರೀ ಕೆಂಪು ಮಣ್ಣು ಕೊಡುವುದು ಅನ್ಯಾಯವಲ್ಲವೇ. ಕಿತ್ತಳೆಗೆ ಸಿದ್ದಣ್ಣನ ಹೊಂಡದ ಉಳಿದರ್ಧ ಕೊಟ್ಟೆವು. ಅಷ್ಟಕ್ಕೇ ಹೊಂಡ ಮುಗಿದುಹೋದದ್ದರಿಂದ ಹಸಿರಿಗೆ ಅಷ್ಟೇ ಅಳತೆಯ ಕರಿಮಣ್ಣು ಬೇಕಾಯಿತು. ಗುಂಡಪ್ಪ ಇನ್ನೊಬ್ಬ ರೈತನನ್ನು ಹುಡುಕಿದ. ಅವನ ಹೊಲದಲ್ಲಿ ಹಸಿರು ತೋಡಿದ ಮೇಲೆ ಹೊಂಡ ಅರ್ಧಕ್ಕೆ ನಿಂತಿತು, ಅರ್ಧಕ್ಕೆ ಬಿಡುವುದು ಸರಿಯಲ್ಲವೆಂದು ಹಳದಿಯನ್ನು ಮತ್ತೆ ಕರೆಸಿದೆವು. ಆಗ ಹಳದಿಗೆ ಒಂದು ಪಾಳಿ ಹೆಚ್ಚಾಯಿತು. ಅದನ್ನು ಸರಿದೂಗಿಸಲು ಉಳಿದ ಎರಡಕ್ಕೆ ಒಂದೊಂದು ಜಾಗ ಬೇಕಾಯಿತು.

ಹೀಗೆ ನ್ಯಾಯ ಬೆಳೆಯುತ್ತ ಹೋಯಿತು. ಕಂಪನಿಯವರೂ ಬೇಡವೆನ್ನಲಿಲ್ಲ. ಒಬ್ಬನು ಯಂತ್ರ ಕಳಿಸಿದನೆಂದು ಗೊತ್ತಾದರೆ ಇನ್ನೊಬ್ಬ ಮರುದಿನವೇ ಲಾರಿ ಹೊರಡಿಸುತ್ತಿದ್ದ. ಕಮಲಾಪುರದ ರೈತರು ನನ್ನ ಕಷ್ಟಕ್ಕೆ ಮರುಗಿ, 'ನಮ್ಮಲ್ಲಿ ಹರಳಿನ ಮೊರಂ ಮಣ್ಣದ, ಅದರಾಗ ನೋಡಿಲ್ಲಲ್ಲ', 'ನಮ್ಮ ಹೊಲ ಇಳಿಜಾರು ಅದ, ಅಲ್ಲಿ ವಾಲ್ತದೇನು ನೋಡ್ರಿ' ಎಂದು ತಾವೇ ಮುಂದೆ ಬಂದು ಹೊಸ ಹೊಸ ಪರೀಕ್ಷೆ ಸೂಚಿಸಿದರು. ಗುಂಡಪ್ಪನ ಫೋನಿಗೆ ಪುರಸೊತ್ತಿರಲಿಲ್ಲ. ನಾನು ಸಂತೆಯ ದಿನ ಬಸ್ಸಿಳಿದರೆ ಯಾರಾದರೂ ಬಂದು ಕೆಂಬಾಳೆಯ ಚಿಪ್ಪು ಕೈಯಲ್ಲಿಟ್ಟು, "ಇವತ್ತು ಯಾವ ಬಣ್ಣದ್ದು ಬಂದದ್ರಿ ಅಕ್ಕಾರ?" ಎಂದು ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಸುಳ್ಳು ಯಾಕೆ, ನನಗೆ ಹೆಮ್ಮೆಯೇ ಆಗುತ್ತಿತ್ತು. ಇಷ್ಟು ಎಚ್ಚರದಿಂದ ವ್ಯಾಪಾರ ಮಾಡುವ ಹೆಂಗಸನ್ನು ಈ ಜನ ಕಂಡಿಲ್ಲ, ಅದಕ್ಕೆ ಇಷ್ಟು ಗೌರವ ಎಂದುಕೊಂಡಿದ್ದೆ.

ಮಹಬೂಬನನ್ನು ಕೇಳಲಿಲ್ಲವೇ ಎನ್ನಬೇಡಿ. ಅವನನ್ನೇ ಮೊದಲು ಕೇಳಿದ್ದೆ, ಮಧ್ಯದಲ್ಲೂ ಕೇಳಿದೆ, ಕೇಳಿ ಕೇಳಿ ಅವನನ್ನು ಬೇಸರಿಸಿದೆ. ಅವನದು ಒಂದೇ ಉತ್ತರ.

"ಮೂರೂ ಚಲೋ ಅವ ಅಕ್ಕಾರ."

"ಹಂಗಲ್ಲೋ, ಯಾವುದರ ಒಂದು ಹೇಳು."

ಅವನು ತಲೆ ಕೆರೆದುಕೊಂಡು ಬಹಳ ಹೊತ್ತು ವಿಚಾರ ಮಾಡಿ, "ಕಿತ್ತಳೀದು ಕ್ಯಾಬಿನ್ ತಂಪದ. ಹಳದೀದು ಹಾರ್ನ್ ಭಾಳ ಚಲೋ ಅದ. ಹಸರಂದು ಕನ್ನಡಿ ದೊಡ್ಡದದ, ಮುಖ ನೋಡಕೋಬಹುದು," ಎಂದ. ಇದರಿಂದ ನನ್ನ ಗೊಂದಲ ಇನ್ನಷ್ಟು ಆಳಕ್ಕೆ ಹೋಯಿತು. ಹಾರ್ನು ಮುಖ್ಯವೋ ಕನ್ನಡಿ ಮುಖ್ಯವೋ ಎಂದು ನಾನು ಎರಡು ದಿನ ನಿಜವಾಗಿಯೂ ವಿಚಾರ ಮಾಡಿದೆ.

ಆರಂಭದಲ್ಲಿ ಪ್ರತಿ ಡೆಮೊ ಮುಗಿದಾಗಲೂ ಅವನು ಕೀಲಿ ಕೊಡುತ್ತ, "ಯಾವಾಗ ತಗೋತೀರಿ ಅಕ್ಕಾರ?" ಎಂದು ಕೇಳುತ್ತಿದ್ದ. ಮುಂದಿನ ವಾರ ಎನ್ನುತ್ತಿದ್ದೆ. ಯುಗಾದಿ ಹೋಯಿತು. ಬಿಸಿಲು ಏರಿತು. ಒಂದು ದಿನ ಅವನು ಕೀಲಿ ಕೊಟ್ಟು, ಏನೂ ಕೇಳದೆ, ಸೊಂಟ ಹಿಡಿದುಕೊಂಡು ಬೈಕು ಹತ್ತಿ ಹೋದ. ಕೇಳುವುದನ್ನು ಬಿಟ್ಟಿದ್ದಾನೆ ಎಂದು ನನಗೆ ಗೊತ್ತಾದದ್ದು ಮನೆಗೆ ಬಂದು ಊಟಕ್ಕೆ ಕೂತಾಗ. ಇನ್ನು ತಡ ಮಾಡಬಾರದು ಎಂದು ಅಲ್ಲಿಯೇ ಹಳದಿಯನ್ನು ತಲೆಯಿಂದ ತೆಗೆದುಹಾಕಿದೆ. ಉಳಿದದ್ದು ಎರಡು. ಕಿತ್ತಳೆ ಮತ್ತು ಹಸಿರಿಗೆ ಒಂದೇ ದಿನ, ಒಂದೇ ಹೊಲದಲ್ಲಿ, ಅಕ್ಕಪಕ್ಕ ನಿಲ್ಲಿಸಿ ಕೊನೆಯ ಪರೀಕ್ಷೆ. ಸಂಜೆಗೆ ತೀರ್ಮಾನ. ಗುಂಡಪ್ಪನಿಗೆ ಫೋನು ಮಾಡಿ ಒಂದು ಒಳ್ಳೆಯ ಜಾಗ ನೋಡು ಎಂದೆ.

"ಎಲ್ಲಿ ಕಡೀಬೇಕು ಅಕ್ಕಾ?" ಎಂದ ಅವನು. "ಕಡೀಲಾಕ ನೆಲಾ ಉಳದಿಲ್ಲ."

"ಅಂದ್ರ?"

"ಅಂದ್ರ ಎಲ್ಲಾರದೂ ಆಗ್ಯಾದ. ಸಿದ್ದಣ್ಣಂದು ಹೊಂಡ ಆತು, ಗೌಡರದು ಕಾಲಿವಿ ಆತು, ಕೆರಿ ಬಾಜು ಒಡ್ಡು ಆತು. ನಮಗ ಹೇಳಿಟ್ಟವರದ್ದೆಲ್ಲಾ ಮುಗದದ."

"ಮತ್ತ ಹೊಸಾ ಮಷಿನ್ ತಂದು ಏನು ಮಾಡೋದೋ?"

"ಅದನ್ನ ನಾ ನಿನಗ ಕೇಳಬೇಕಂತ ಮಾಡಿದ್ದೆ," ಎಂದ ತಮ್ಮ.

ಮರುದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಊರ ಸುತ್ತ ಗುಂಡಪ್ಪನ ಬೈಕಿನ ಹಿಂದೆ ಕೂತು ತಿರುಗಿದೆ. ಎಲ್ಲಿ ನೋಡಿದರೂ ಅಚ್ಚುಕಟ್ಟಾದ ಹೊಂಡ, ನೂಲು ಹಿಡಿದಂಥ ಕಾಲುವೆ, ಮಟ್ಟಸವಾದ ಒಡ್ಡು. ಎಲ್ಲವೂ ಮಹಬೂಬನ ಕೈಕೆಲಸ, ಎಲ್ಲವೂ ನಮ್ಮ ಹಂಗಾಮಿನ ದುಡಿಮೆ, ಎಲ್ಲವೂ ಪುಕ್ಕಟೆ. ಬೇಸಿಗೆಯುದ್ದಕ್ಕೂ ಬಾಡಿಗೆಗೆ ಅಗೆಯಬೇಕಾಗಿದ್ದ ನೆಲವನ್ನು ನಾನೇ ನಿಂತು, ಕೊಡೆ ಹಿಡಿದು, ಪರೀಕ್ಷೆಯ ಹೆಸರಿನಲ್ಲಿ ಅಗೆಸಿ ಮುಗಿಸಿದ್ದೆ. ಸಿದ್ದಣ್ಣ ತನ್ನ ಹೊಂಡದ ದಂಡೆಯ ಮೇಲೆ ನಿಂತು ಕೈಮುಗಿದ. ಇಷ್ಟು ದಿನ ನನ್ನ ಕೈಯಲ್ಲಿಟ್ಟ ಬಾಳೆಯ ಚಿಪ್ಪುಗಳ ಅರ್ಥ ಆಗ ತಿಳಿಯಿತು. ಅದು ಗೌರವವಲ್ಲ, ಬಾಡಿಗೆಯ ಬದಲಿಗೆ ಕೊಟ್ಟದ್ದು.

ಆ ವಾರವೇ ಮಹಬೂಬ ಮನೆಗೆ ಬಂದ. ಅದೇ ಕುರ್ಚಿ, ಅದೇ ತುದಿ. ಕೈಯಲ್ಲಿ ಪೇಡೆಯ ಡಬ್ಬಿ.

"ಅಕ್ಕಾರ, ಹಸರಿನ ಕಂಪನಿಯವರು ನನ್ನ ಕರದಾರ್ರಿ. ಡೆಮೊ ಆಪರೇಟರ್ ಅಂತ. ಬಾಳಿ ಸಾಲಾಗ ನಾ ಕಡದದ್ದು ಅವರ ಸಾಹೇಬರು ನೋಡಿದ್ರಂತ. ಹೊಸಾ ಮಷಿನ್, ಸೀಟ್ ಮೆತ್ತಗ ಅದ. ಸೊಂಟಕ್ಕ ಆರಾಮ." ಡಬ್ಬಿ ನನ್ನ ಕೈಗಿಟ್ಟು ಹೇಳಿದ. "ಎಲ್ಲಾ ನಿಮ್ಮಿಂದಾನೇ ಆತು. ನೀವು ಅಷ್ಟು ಡೆಮೊ ಮಾಡಸದಿದ್ರ ನನಗ್ಯಾರು ನೋಡತಿದ್ರಿ?"

ಅವನು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಮಹಬೂಬನಿಗೆ ವ್ಯಂಗ್ಯ ಬರುವುದಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಶಹಾಬಾದಿಗೆ ಹೋಗುತ್ತೇನೆ ಎಂದಿದ್ದರೆ ಜಗಳವಾಡಿ ನಿಲ್ಲಿಸಬಹುದಿತ್ತು. ಉಪಕಾರ ಮಾಡಿದಿರಿ ಎಂದು ಪೇಡೆ ತಂದವನ ಜೊತೆ ಏನು ಜಗಳ ಆಡುವುದು. ನಮ್ಮವರು ಚಹಾ ತಂದಿಟ್ಟರು. ಮಹಬೂಬನಿಗೆ ಸಕ್ಕರೆ ಎಷ್ಟು ಎಂದು ಅವರು ಕೇಳಲಿಲ್ಲ, ಅದು ಅವರಿಗೆ ಎಷ್ಟೋ ವರ್ಷಗಳಿಂದ ಗೊತ್ತು. ಅವನು ಹೋದ ಮೇಲೆ ಅಡಿಗೆಮನೆಗೆ ಹೋಗಿ ಅತ್ತೆ. ಅತ್ತು, ಪೇಡೆ ತಿಂದೆ. ಪೇಡೆ ಚೆನ್ನಾಗಿತ್ತು, ಅದೂ ಸಿಟ್ಟು ತರಿಸಿತು.

ಬುದ್ಧಿಯಿದ್ದವರು ಇಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಹದಿನೈದು ದಿನ ಸುಮ್ಮನಿದ್ದು ಹಸಿರು ಕಂಪನಿಗೆ ಫೋನು ಮಾಡಿ ಒಂದು ಡೆಮೊ ಕೇಳಿದೆ. ಯಂತ್ರ ತಿರುಗುವ ರೀತಿ ಇನ್ನೊಮ್ಮೆ ನೋಡಬೇಕು ಎಂದು ಅವರಿಗೆ ಹೇಳಿದೆ. ನನಗೂ ನಾನು ಹಾಗೆಯೇ ಹೇಳಿಕೊಂಡೆ. ಅಗೆಯಲು ಜಾಗವಿರಲಿಲ್ಲ, ಆದ್ದರಿಂದ ನಮ್ಮ ತೋಟದ ಬದಿಯಲ್ಲಿ ಒಂದು ಗುಂಡಿ ತೋಡಿ ಅದನ್ನೇ ಮುಚ್ಚುವುದು ಎಂದಾಯಿತು. ಮಹಬೂಬ ಹಸಿರು ಅಂಗಿ ಹಾಕಿಕೊಂಡು ಬಂದಿದ್ದ. ಕೆಳಗಿಳಿದು ನನ್ನೆದುರು ಕೈಕಟ್ಟಿ ನಿಂತು, ಕಂಪನಿಯವರು ಕಲಿಸಿದ್ದನ್ನು ಶಾಲೆಯ ಹುಡುಗನ ಹಾಗೆ ಒಪ್ಪಿಸಿದ.

"ನಮಸ್ಕಾರ ಮೇಡಂ. ಈ ಮಷಿನ್ನಿನ ವಿಶೇಷ ಏನಂದ್ರ, ಇದರ ಬಕೆಟ್..."

"ಮೇಡಂ ಅಂದ್ರ ನಿನಗ ರೊಟ್ಟಿ ಸಿಗಂಗಿಲ್ಲ," ಎಂದೆ.

ಬಾಳೆಯ ನೆರಳಿನಲ್ಲಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತ ಕೂತಾಗ ಅವನು ನಿಧಾನವಾಗಿ ಹೇಳಿದ. ಕಂಪನಿಯಲ್ಲಿ ಎಲ್ಲ ಊರುಗಳಿಗಿಂತ ಹೆಚ್ಚು ಡೆಮೊ ಆದದ್ದು ಕಮಲಾಪುರದ ಕಡೆ, ಒಂದೂ ಮಾರಾಟವಾಗದ್ದೂ ಕಮಲಾಪುರದ ಕಡೆಯೇ. ಹೀಗೇ ಆದರೆ ಅವನನ್ನು ರಾಯಚೂರಿಗೆ ಹಾಕುತ್ತಾರಂತೆ. ಮನೆ ಇಲ್ಲಿ, ಹೆಂಡತಿ ಇಲ್ಲಿ, ಮಗಳ ಕಾಲೇಜು ಇಲ್ಲಿ. ಇಷ್ಟು ಹೇಳಿ ಅವನು, ನನಗೆ ಹೇಳಬೇಕೆಂದು ಹೇಳಿದ್ದಲ್ಲ ಎನ್ನುವ ಹಾಗೆ ಇನ್ನೊಂದು ರೊಟ್ಟಿ ಮುರಿದ.

"ಹಸರಂದು ಬರಕೋ," ಎಂದೆ.

"ಏನ್ರಿ?"

"ಒಂದು ಹಸರಂದು. ನಮ್ಮ ಹೆಸರಿಗೆ ಬರಕೋ."

ನೀರಿನ ಲೋಟ ಕೆಳಗಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ಡೀಸೆಲ್ಲಿಲ್ಲ, ಪಂಪಿಲ್ಲ, ಹಲ್ಲಿಲ್ಲ. ಚಹಾ ಕುಡಿದು ಯಂತ್ರ ತಂದ ಅಪ್ಪನನ್ನು ನಾನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೇನೋ. ಅವನು ಇದ್ದಿದ್ದರೆ ಆ ದಿನ ನನ್ನ ಮುಖ ನೋಡಿ ನಗುತ್ತಿದ್ದ.

ಯಂತ್ರ ಬಂತು. ನಂದೂರಿನ ಶೆಡ್ಡಿನ ಮುಂದೆ ತೆಂಗಿನಕಾಯಿ ಒಡೆದು, ಹಾರ ಹಾಕಿದೆವು. ಹುಮನಾಬಾದ ಕಡೆಯ ಒಬ್ಬ ಆಪರೇಟರನನ್ನು ಗುಂಡಪ್ಪ ಗೊತ್ತು ಮಾಡಿದ. ಒಳ್ಳೆಯ ಮನುಷ್ಯನೇ, ಆದರೆ ಕೆಲಸವಿರಲಿಲ್ಲ. ಮಳೆಗಾಲ ಬಂದು ಅರ್ಧ ಮುಗಿಯುವವರೆಗೂ ಯಂತ್ರ ಅಲ್ಲಿಯೇ ನಿಂತು ತೊಗರಿಯ ಧೂಳು ಕುಡಿಯಿತು. ಈಗ ಅದಕ್ಕೂ ಬೇಳೆಯ ವಾಸನೆ ಹತ್ತಿದೆ.

ಮೊನ್ನೆ ಸಿದ್ದಣ್ಣನ ಫೋನು ಬಂತು. ಮಳೆಗೆ ಅವನ ಹೊಂಡದ ಒಂದು ದಂಡೆ ಕುಸಿದು ಹೂಳು ತುಂಬಿತಂತೆ. ಪುಕ್ಕಟೆಗೆ ಆದದ್ದು ಕುಸಿಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು, ದೇವರು ಕ್ಷಮಿಸಲಿ. ನಮ್ಮ ಹೊಸ ಯಂತ್ರ ತಯಾರಿದೆ, ನಾಳೆಯೇ ಕಳಿಸುತ್ತೇನೆ ಎಂದೆ. ಯಾವ ಕಂಪನಿಯದು, ಯಾವ ಬಣ್ಣದ್ದು ಎಂದು ಅವನು ಕೇಳಲಿಲ್ಲ.

"ಮಹಬೂಬ ಬರ್ತಾನಿಲ್ರಿ?" ಎಂದ.

"ಅವ ಈಗ ಕಂಪನ್ಯಾಗಿದ್ದಾನಪ್ಪ. ಡೆಮೊಕ್ಕಷ್ಟ ಬರ್ತಾನ."

ಸಿದ್ದಣ್ಣ ನನ್ನ ಕಷ್ಟಕ್ಕೆ ದಾರಿ ತೋರಿಸುವ ದನಿಯಲ್ಲಿ ಹೇಳಿದ. "ಹಂಗಾದ್ರ ಒಂದು ಡೆಮೊ ಕೇಳ್ರಲ್ಲ ಅಕ್ಕಾರ. ಡೀಸೆಲ್ ನಾ ಹಾಕ್ತೀನಿ."

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಬೆಳಗಿನಿಂದ ನನಗೂ ಮಹಬೂಬನ ನೆನಪೇ ಆಗುತ್ತಿತ್ತು. ಅವನು ರೊಟ್ಟಿ ತಿಂದು ಹೋಗಿ ಎಷ್ಟೋ ದಿನವಾಗಿತ್ತು. ಫೋನು ಇಟ್ಟು, ಒಂದು ಸುತ್ತು ಮನೆಯೊಳಗೆ ಅಡ್ಡಾಡಿ ಬಂದು, ಹಸಿರು ಕಂಪನಿಯ ಮಾತಿಲ್ಲದ ಹುಡುಗನಿಗೆ ಹಚ್ಚಿದೆ. ಅವನಿಗೂ ಅಂದು ಮಾತು ಬಂತು.

"ಮೇಡಂ, ನೀವು ಈಗರೆ ತಗೊಂಡೀರಲ್ರಿ. ಮತ್ತ ಡೆಮೊ ಯಾಕ್ರಿ?"

"ಇನ್ನೊಂದು ತಗೋಬೇಕಂತ ಮಾಡೀನಿ," ಎಂದೆ. "ಆದ್ರ ಯಾವುದಂತ ಇನ್ನಾ ಪಕ್ಕಾ ಆಗಿಲ್ಲ."

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನಮ್ಮವರು ಓದುತ್ತಿದ್ದ ಪೇಪರ್ ಮಡಚಿಟ್ಟು, ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ನೋಡಲು ಒಳಗೆ ಹೋದರು.